ದೂರದಿಂದ ಬಂದವರು ಕೆಸರಲ್ಲಿದ್ದಾರೆ: ಶ್ರೀರಂಗಪಟ್ಟಣದ ಸುತ್ತ ಚಳಿಗಾಲದ ಹಕ್ಕಿ ನಡಿಗೆ

ಸಂಚಿಕೆ ಶುರು ಮಾಡೋಕೆ ಮುಂಚೆ ಒಂದು ತಪ್ಪೊಪ್ಪಿಗೆ. ನಾನು ಓದಿದ್ದು ಬಿ.ಕಾಂ., ಪಕ್ಷಿಶಾಸ್ತ್ರ ಅಲ್ಲ. ಮೊದಲ ಸಲ ರಂಗನತಿಟ್ಟಿಗೆ ಹೋದಾಗ ದೋಣಿಯಲ್ಲಿ ಕೂತು, ಮರದ ತುಂಬ ಇದ್ದ ಬಣ್ಣದ ಕೊಕ್ಕರೆಗಳನ್ನ ತೋರಿಸಿ, "ಇವೆಲ್ಲ ಸೈಬೀರಿಯಾದಿಂದ ಬಂದಿರೋದು" ಅಂತ ಪಕ್ಕದವರಿಗೆ ಹೇಳ್ಬಿಟ್ಟೆ. ಅವರೂ ನಂಬಿದ್ರು. ಪಾಪ.

ಬಣ್ಣದ ಕೊಕ್ಕರೆ, ಬಾಯ್ಕಳಕ, ಚಮಚ ಕೊಕ್ಕರೆ, ಬಿಳಿ ಕೆಂಬರಲು, ಹಾವಕ್ಕಿ ಇವೆಲ್ಲ ನಮ್ಮ ದೇಶದವೇ. ಮಳೆ, ನೀರು, ಮೀನು ನೋಡ್ಕೊಂಡು ಊರಿಂದೂರಿಗೆ ಓಡಾಡ್ತವೆ, ರಂಗನತಿಟ್ಟಲ್ಲಿ ಗೂಡು ಕಟ್ಟಿ ಮರಿ ಮಾಡ್ತವೆ. ಚಳಿಗಾಲ ಕಳೆಯೋಕೆ ಉತ್ತರದಿಂದ ಬರೋ ಹಕ್ಕಿ ಇಲ್ಲಿ ಗೂಡು ಕಟ್ಟೋದಿಲ್ಲ. ಅದು ಸಂಸಾರ ಮಾಡೋದು ಅಲ್ಲಿ, ಹೊಟ್ಟೆಪಾಡಿಗೆ ಬರೋದು ಇಲ್ಲಿಗೆ. ಗೂಡಲ್ಲಿ ಕೂತಿದ್ರೆ ನಮ್ಮವರು, ಇಷ್ಟು ನೆನಪಿಟ್ಕೊಂಡ್ರೆ ನನ್ನ ಥರ ಪೆದ್ದಾಗಲ್ಲ.

ಹಾಗಾದ್ರೆ ದೂರದವರು ಎಲ್ಲಿ? ಹೆಚ್ಚಿನವರು ಟಿಕೆಟ್ ಕೌಂಟರಿನಿಂದ ಆಚೆ, ಕೆಸರಲ್ಲಿ.

ಹಕ್ಕಿ ನಡಿಗೆ ಅಂದ್ರೆ ಕರಾವಳಿಯವರು ಅಳಿವೆ ಅಂತಾರೆ. ಕುಮಟಾ ಹತ್ತಿರದ ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಅಲ್ಲಿ ದಿನಕ್ಕೆ ಎರಡು ಸಲ ಇಳಿತ ಆಗುತ್ತೆ, ಕೆಸರು ಮೇಲೆ ಬರುತ್ತೆ, ಹುಳು ಹುಪ್ಪಟೆ ಸಿಗುತ್ತೆ. ಮಂಡ್ಯ ಜಿಲ್ಲೆಗೆ ಸಮುದ್ರ ಇಲ್ಲ. ನಮಗೆ ಇಳಿತ ಅಂದ್ರೆ ಕನ್ನಂಬಾಡಿ ಕಟ್ಟೆ. ಮಳೆಗಾಲ ಚೆನ್ನಾಗಾದ್ರೆ 124.80 ಅಡಿ ತುಂಬುತ್ತೆ, ಆಮೇಲೆ ತಿಂಗಳುಗಟ್ಟಲೆ ನಿಧಾನಕ್ಕೆ ಇಳಿಯುತ್ತೆ. ಇಳಿದಷ್ಟೂ ಹಿನ್ನೀರಿನ ಅಂಚಲ್ಲಿ ಹೊಸ ಕೆಸರು. ನನ್ನ ಭಾಷೇಲಿ ಹೇಳೋದಾದ್ರೆ ಕರಾವಳಿ ಹಕ್ಕಿಗೆ ದಿನಗೂಲಿ, ನಮ್ಮ ಕಡೆ ಹಕ್ಕಿಗೆ ವರ್ಷಕ್ಕೊಂದು ಬೋನಸ್. ಮಳೆ ಕೈಕೊಟ್ಟ ವರ್ಷ ಲೆಕ್ಕವೇ ಬೇರೆ.

ಕೆ.ಆರ್. ಪೇಟೆ ತಾಲ್ಲೂಕಿನ ವರಾಹನಾಥ ಕಲ್ಲಹಳ್ಳಿಯ ಹತ್ತಿರ, ಪಾಂಡವಪುರ ತಾಲ್ಲೂಕಿನ ಹೊಸ ಕನ್ನಂಬಾಡಿ ಕಡೆ ಈ ಹಿನ್ನೀರಿನ ಅಂಚು ಸಿಗುತ್ತೆ. ದೇವಸ್ಥಾನ ನೋಡಿ ವಾಪಸ್ ಬರೋರು ಒಂದರ್ಧ ಗಂಟೆ ದಂಡೆ ಕಡೆ ನೋಡಿ. ತೊಣ್ಣೂರು ಕೆರೆ ಕಣ್ಣಿಗೆ ಚೆಂದ, ಆದ್ರೆ ನೀರು ಆಳ. ಕೆಸರಿನ ಹಕ್ಕಿಗೆ ಅಷ್ಟು ಉಪಯೋಗ ಇಲ್ಲ ಅನ್ನೋದು ನನ್ನ ಅಭಿಪ್ರಾಯ.

ನನಗೆ ಎಲ್ಲಕ್ಕಿಂತ ಇಷ್ಟ ಗದ್ದೆ ಬದು. ವಿಶ್ವೇಶ್ವರಯ್ಯ ನಾಲೆ ಬಯಲಲ್ಲಿ ಭತ್ತ ಕೊಯ್ದ ಮೇಲೆ ಅಲ್ಲಲ್ಲಿ ನೀರು ನಿಂತಿರುತ್ತಲ್ಲ, ಅಲ್ಲಿ ಬೆಳಗ್ಗೆ ಆರೂವರೆ, ಏಳಕ್ಕೆ ಸುಮ್ಮನೆ ನಿಂತ್ಕೊಳ್ಳಿ. ಗುಬ್ಬಚ್ಚಿಗಿಂತ ದೊಡ್ಡದು, ಉದ್ದ ಕಾಲು, ಉದ್ದ ಕೊಕ್ಕು, ಮಣ್ಣಿನ ಬಣ್ಣ: ಅದು ಗದ್ದೆಗೊರವ. ಬೆನ್ನ ತುಂಬ ಬಿಳಿ ಚುಕ್ಕಿ, ಕಣ್ಣಿನ ಮೇಲೆ ಹುಬ್ಬು ತೀಡಿದ ಹಾಗೆ ಬಿಳಿ ಗೆರೆ ಇದ್ರೆ ಅಡವಿ ಗದ್ದೆಗೊರವ. ಕಪ್ಪಗೆ ಕಾಣೋದು ಹಾರಿದ ತಕ್ಷಣ ಸೊಂಟ ಬೆಳ್ಳಗೆ ಹೊಳೆದ್ರೆ ಹಸಿರು ಗದ್ದೆಗೊರವ. ಎದೆಯ ಬಿಳುಪು ರೆಕ್ಕೆಯ ಮುಂದೆ ಮೇಲಕ್ಕೆ ಹತ್ತಿರುತ್ತೆ, ಬಾಲ ಒಂದೇ ಸಮ ಕುಣೀತಾ ಇರುತ್ತೆ ಅಂದ್ರೆ ಸಾಮಾನ್ಯ ಗದ್ದೆಗೊರವ. ಬಾಲ ಕುಣಿಸೋದ್ರಲ್ಲಿ ಸಿಪಿಲೆಗಳೂ ಕಮ್ಮಿ ಇಲ್ಲ, ಆದ್ರೆ ಅವು ತೆಳ್ಳಗೆ, ಕೊಕ್ಕು ಗಿಡ್ಡ.

ಅಡವಿ ಗದ್ದೆಗೊರವದ ತೂಕ 60 ಗ್ರಾಂ ಆಸುಪಾಸು. ಒಂದು ಕೋಳಿಮೊಟ್ಟೆ ಅಷ್ಟೇ ಕಣ್ರೀ! ಅದು ಮರಿ ಮಾಡೋದು ಯುರೋಪ್, ರಷ್ಯಾದ ಉತ್ತರದ ಜೌಗು ಕಾಡುಗಳಲ್ಲಿ. ಹಿಮಾಲಯ ದಾಟಿ ಬರೋ ಪಟ್ಟೆತಲೆ ಹೆಬ್ಬಾತು ನೋಡೋಕೆ ಜನ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಕಾರು ಮಾಡ್ಕೊಂಡು ಹೋಗ್ತಾರೆ. ಹೋಗ್ಲಿ. ಈ ಗೊರವಕ್ಕೆ ಮಾತ್ರ ಯಾರೂ ಫ್ಯಾನ್ಸ್ ಇಲ್ಲ.

ವಿಷಯ ಇರೋದು ಇಲ್ಲೇ. ರಂಗನತಿಟ್ಟಿಗೆ ರಕ್ಷಣೆ ಇದೆ. 17ನೇ ಶತಮಾನದಲ್ಲಿ ಕಾವೇರಿಗೆ ಕಟ್ಟಿದ ಒಡ್ಡಿನಿಂದ ಆದ ತಿಟ್ಟುಗಳು ಅವು. ಸಲೀಂ ಅಲಿಯವರು ಮೈಸೂರು ಅರಸರಿಗೆ ಹೇಳಿದ್ದರಿಂದ 1940ರಲ್ಲಿ ಪಕ್ಷಿಧಾಮ ಆಯ್ತು, 2022ರಲ್ಲಿ ರಾಮ್ಸರ್ ತಾಣ ಆಯ್ತು. ಗದ್ದೆ ಕೆಸರಿಗೆ ಯಾವ ಬೋರ್ಡೂ ಇಲ್ಲ. ಭತ್ತದ ಗದ್ದೆ ಕಬ್ಬಿಗೆ ತಿರುಗಿದ್ರೆ ಗೊರವಕ್ಕೆ ಕಾಲಿಡೋಕೆ ಜಾಗ ಇಲ್ಲ, ನಾಲೆಗೆ ಕಾಂಕ್ರೀಟ್ ಹೊದಿಸಿದ್ರೆ ಪಕ್ಕದ ಸೋರುನೀರಿನ ಜೌಗೂ ಒಣಗುತ್ತೆ. ಆದ್ರೆ ಅದೇ ಕಾಂಕ್ರೀಟಿಂದ ನಾಲೆ ಕೊನೇ ಭಾಗದ ರೈತರಿಗೆ ನೀರು ಮುಟ್ಟುತ್ತೆ. ಅವರಿಗೆ "ಬೇಡ ಬಿಡಿ, ಹಕ್ಕಿ ಇದೆ" ಅನ್ನೋ ಧೈರ್ಯ ನನಗಿಲ್ಲ, ಅನ್ನಲೂಬಾರದು. ನಾವು ಮಾಡಬಹುದಾದ್ದು ಎಣಿಕೆ. ಜನವರಿಯಲ್ಲಿ ಏಷ್ಯಾದ ನೀರುಹಕ್ಕಿ ಗಣತಿ ನಡೆಯುತ್ತೆ. ಉಳಿದ ದಿನ ಇ-ಬರ್ಡ್ ಆ್ಯಪಲ್ಲಿ ಊರು, ದಿನ, ಸಂಖ್ಯೆ ಹಾಕಿದ್ರೆ ಆಯ್ತು. ಲೆಕ್ಕಪುಸ್ತಕದಲ್ಲಿ ಎಂಟ್ರಿನೇ ಇಲ್ಲದಿದ್ರೆ ನಷ್ಟ ಆಗಿದ್ದು ಗೊತ್ತಾಗೋದಾದ್ರೂ ಹೇಗೆ?

ಹೊರಡೋ ಮುಂಚೆ ಎರಡು ಮಾತು. ಬದು ಬಿಟ್ಟು ಬೇರೆಯವರ ಗದ್ದೆಗೆ ಇಳೀಬೇಡಿ, ಫೋಟೋಗೆ ಅಂತ ಹಕ್ಕಿ ಎಬ್ಬಿಸಬೇಡಿ. ರಂಗನತಿಟ್ಟಿನ ಸುತ್ತ ಹೊಳೆ ಅಂಚಲ್ಲಂತೂ ಕೂರಲೇಬೇಡಿ, ಮೊಸಳೆಗಳಿವೆ. ಮಾರ್ಚ್, ಏಪ್ರಿಲ್ ಹೊತ್ತಿಗೆ ಗೊರವಗಳು ವಾಪಸ್ ಹೊರಡ್ತವೆ, ಅಷ್ಟರೊಳಗೆ ಹೋಗಿ ಬನ್ನಿ. ನಾಗಮಂಗಲದವರು "ನಮ್ಮೂರು ಬಿಟ್ರಿ" ಅನ್ಬೇಡಿ. ಮುಂದಿನ ಸಂಚಿಕೆ ಆದಿಚುಂಚನಗಿರಿ ನವಿಲುಗಳದ್ದೇ.