ಪಾಂಡಿಚೇರಿಯ ಫ್ರಾನ್ಸ್ವಾ ಮಾರ್ಟಿನ್ ಮತ್ತು ನಮ್ಮ ಬೆಂಗಳೂರಿನ ದೇವಾಲಯಗಳು

ಬೆಳ್ಳಂದೂರಿನ ಕಂಪೆನಿಗಳಲ್ಲಿ ದುಡಿಯುವ ನಮ್ಮ ಕರಾವಳಿಯ ಯುವಕ ಯುವತಿಯರು ಎರಡು ಮೂರು ದಿನ ರಜೆ ಒಟ್ಟಿಗೆ ಸಿಕ್ಕಿದರೆ ಪಾಂಡಿಚೇರಿಗೆ ಹೋಗಿ ಬರುವುದುಂಟು. ಅಲ್ಲಿನ ನೇರ ಬೀದಿಗಳ, ಹಳದಿ ಮನೆಗಳ, ಇಗರ್ಜಿಗಳ ಫೋಟೋ ಊರಿಗೂ ಕಳುಹಿಸುತ್ತಾರೆ. ಆದರೆ ತಾವು ಭಾನುವಾರ ಬಲಿಪೂಜೆಗೆ ಹೋಗುವ ಬೆಂಗಳೂರು ಧರ್ಮಕ್ಷೇತ್ರದ ಬೇರು ಆ ಊರಿನಲ್ಲಿದೆ ಎಂಬುದು ಹೆಚ್ಚಿನವರಿಗೆ ತಿಳಿದಿರಲಾರದು.

ಪಾಂಡಿಚೇರಿಯನ್ನು ಕಟ್ಟಿದವರು ಫ್ರಾನ್ಸ್ವಾ ಮಾರ್ಟಿನ್. 1634ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಇವರು ಸೇನಾಪತಿಯೂ ಅಲ್ಲ, ಶ್ರೀಮಂತರೂ ಅಲ್ಲ. ದಿನಸಿ ಅಂಗಡಿಯಲ್ಲಿ ಕೆಲಸಕ್ಕಿದ್ದವರು. ಮೀನು ಮಾರುತ್ತಿದ್ದ ಮರೀ ಕ್ಯುಪೆರ್ಲಿಯನ್ನು ಮದುವೆಯಾದ ಕಾರಣಕ್ಕೆ ಆ ಕೆಲಸವೂ ಹೋಯಿತು. 1664ರಲ್ಲಿ ಫ್ರೆಂಚ್ ಈಸ್ಟ್ ಇಂಡಿಯಾ ಕಂಪೆನಿ ಆರಂಭವಾದಾಗ ಅದರಲ್ಲಿ ಸೇರಿ, ಮರುವರ್ಷ ಹಡಗು ಹತ್ತಿದರು. ಹೆಂಡತಿ ಭಾರತಕ್ಕೆ ಬಂದು ಅವರನ್ನು ಸೇರಿದ್ದು ಸುಮಾರು 20 ವರ್ಷಗಳ ನಂತರ. ಗಲ್ಫ್‌ಗೆ ಹೋದವರ ಮನೆಯವರಿಗೆ ಆ ಕಾಯುವಿಕೆಯನ್ನು ವಿವರಿಸಬೇಕಿಲ್ಲ.

ಪಾಂಡಿಚೇರಿಯ ಜಾಗವನ್ನು ಫ್ರೆಂಚರು ಗೆದ್ದುಕೊಂಡದ್ದಲ್ಲ. ಆಗ ಆ ಸೀಮೆ ನಮ್ಮ ಬಿಜಾಪುರದ ಆದಿಲಶಾಹಿಗಳದ್ದಾಗಿತ್ತು. ಅವರ ಅಧಿಕಾರಿ ಶೇರ್ ಖಾನ್ ಲೋದಿ 1673ರಲ್ಲಿ ಜಾಗ ಕೊಟ್ಟರು. ಮಾರ್ಟಿನ್ 1674ರಲ್ಲಿ ಬೆರಳೆಣಿಕೆಯ ಜನರೊಂದಿಗೆ ಅಲ್ಲಿ ನೆಲೆಸಿದರು. 1677ರಲ್ಲಿ ಶಿವಾಜಿ ದಂಡೆತ್ತಿ ಬಂದು ಶೇರ್ ಖಾನನನ್ನು ಸೋಲಿಸಿದಾಗ ಊರು ಉಳಿಯುವ ಭರವಸೆ ಇರಲಿಲ್ಲ. ಮಾರ್ಟಿನ್ ಹೋರಾಟಕ್ಕೆ ಇಳಿಯದೆ ಶಿವಾಜಿಯ ಬಳಿ ದೂತರನ್ನು ಕಳುಹಿಸಿ ಅಲ್ಲೇ ಇರಲು ಅನುಮತಿ ಪಡೆದರು. ಜಗಳಕ್ಕಿಂತ ಮಾತುಕತೆಯಲ್ಲೇ ಅವರ ಜಾಣತನ ಹೆಚ್ಚು ಕಾಣುತ್ತದೆ.

ಆದರೆ ಡಚ್ಚರ ಎದುರು ಮಾತುಕತೆ ಸಾಗಲಿಲ್ಲ. 1693ರಲ್ಲಿ ಅವರ ದೊಡ್ಡ ನೌಕಾಪಡೆ ಮುತ್ತಿಗೆ ಹಾಕಿತು. ಊರಿನಿಂದ ಸಹಾಯ ಬರಲಿಲ್ಲ, ಮಾರ್ಟಿನ್ ಶರಣಾದರು. ಇಪ್ಪತ್ತು ವರ್ಷದ ದುಡಿಮೆ ಕೈತಪ್ಪಿತು. ಅವರು ಬಂಗಾಳದ ಚಂದ್ರನಗರಕ್ಕೆ ಹೋದರು. 1697ರ ರಿಸ್ವಿಕ್ ಒಪ್ಪಂದದಂತೆ ಊರು ಹಿಂದಿರುಗಿತು. ಡಚ್ಚರು ಕಟ್ಟಿದ ಕೋಟೆ ಕೊತ್ತಲಗಳ ಲೆಕ್ಕಕ್ಕೆ 16,000 ವರಾಹ ಕೊಡಬೇಕಾಯಿತು. 1699ರಲ್ಲಿ ಅಲ್ಲಿಗೆ ಮರಳಿದ ಮಾರ್ಟಿನ್‌ಗೆ ಆಗ 65 ವಯಸ್ಸು. ಇಂದು ಪ್ರವಾಸಿಗರು ಫ್ರೆಂಚರದ್ದೆಂದು ಮೆಚ್ಚುವ ನೇರ ಬೀದಿಗಳ ನಕ್ಷೆ ಮೊದಲು ತಯಾರಿಸಿದವರು ಡಚ್ಚರೇ! ಮಾರ್ಟಿನ್ ಅದನ್ನು ಅಳಿಸದೆ ಅದರ ಮೇಲೆಯೇ ಊರು ಬೆಳೆಸಿದರು. 1706ರ ಡಿಸೆಂಬರ್ 31ರಂದು ಅಲ್ಲಿಯೇ ತೀರಿಕೊಂಡರು.

ಇನ್ನು ಧರ್ಮಸಭೆಯ ವಿಷಯ. ಪಾಂಡಿಚೇರಿಯಲ್ಲಿ ಕಪುಚಿನ್ ಗುರುಗಳು, ನಂತರ ಯೇಸುಸಭೆಯ ಗುರುಗಳು ಸೇವೆ ಮಾಡಿದರು. 1773ರಲ್ಲಿ ಯೇಸುಸಭೆ ರದ್ದಾದ ಮೇಲೆ ಅವರ ಕೆಲಸ 1776ರಲ್ಲಿ ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆಗೆ ಬಂತು. ಆ ಸಂಸ್ಥೆಯ ಅಬ್ಬೆ ದ್ಯುಬುವಾ 1792ರಲ್ಲಿ ಭಾರತಕ್ಕೆ ಬಂದು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಮೈಸೂರು ಸೀಮೆಯ ಚದುರಿದ ಕ್ರೈಸ್ತರನ್ನು ಒಟ್ಟುಗೂಡಿಸಿದರು. ಸಿಡುಬಿನ ಲಸಿಕೆಯನ್ನೂ ಹಳ್ಳಿಗಳಿಗೆ ತಲುಪಿಸಿದರು. ಜನ ಅವರನ್ನು 'ದೊಡ್ಡ ಸ್ವಾಮಿಯವರು' ಎಂದೇ ಕರೆದರು. 1850ರಲ್ಲಿ ಮೈಸೂರು ಪಾಂಡಿಚೇರಿಯಿಂದ ಬೇರೆಯಾಯಿತು, 1940ರಲ್ಲಿ ಮೈಸೂರಿನಿಂದ ಬೆಂಗಳೂರು. ಕರಾವಳಿಯ ನಮಗೆ ವಿಶ್ವಾಸ ಬಂದದ್ದು ಗೋವಾದ ದಾರಿಯಲ್ಲಿ, ಬೆಳ್ಳಂದೂರಿನ ಕಡೆಗೆ ಬಂದದ್ದು ಈ ದಾರಿಯಲ್ಲಿ.

ಮುಂದಿನ ಬಾರಿ ಪಾಂಡಿಚೇರಿಗೆ ಹೋದವರು ಮಾರ್ಟಿನ್ ಕಟ್ಟಿಸಿದ ಕೋಟೆಯನ್ನು ಹುಡುಕಬೇಡಿ. 1761ರಲ್ಲಿ ಊರು ಹಿಡಿದ ಇಂಗ್ಲಿಷರು ಅದನ್ನು ನೆಲಸಮ ಮಾಡಿದರು. ಮಿಷನ್ ಬೀದಿಯ ಅಮಲೋದ್ಭವಿ ಮಾತೆಯ ಪ್ರಧಾನಾಲಯದಲ್ಲಿ ಮಾತ್ರ ಸ್ವಲ್ಪ ಹೊತ್ತು ಕುಳಿತು ಬನ್ನಿ. ಈಗಿನ ಕಟ್ಟಡ ಮುಗಿದದ್ದು 1791ರಲ್ಲಿ. ದ್ಯುಬುವಾ ಬರುವ ಹಿಂದಿನ ವರ್ಷ.