ಬರೆಯುವವಳು ಬರಿಯ ಸುಂದರಿಯೇ?

ಬೀದರ್ ಜಿಲ್ಲೆಯ ಹಳ್ಳಿಖೇಡ (ಬಿ) ಪಟ್ಟಣವಿರುವ ಹುಮನಾಬಾದ್ ತಾಲ್ಲೂಕಿನಲ್ಲಿಯೇ ಜಲಸಂಗ್ವಿ ಎಂಬ ಊರಿದೆ. ಅಲ್ಲಿನ ಶಿವಾಲಯ ಕಲ್ಯಾಣ ಚಾಲುಕ್ಯರ ಕಾಲದ್ದು. ಅದರ ಹೊರಗೋಡೆಯ ಮದನಿಕೆಯರಲ್ಲಿ ಒಬ್ಬಳು ಫಲಕವೊಂದರ ಮೇಲೆ ಬರೆಯುತ್ತಿದ್ದಾಳೆ. ಆ ಅಕ್ಷರಗಳು ಅಲಂಕಾರದ ಗೀರುಗಳಲ್ಲ. ಆರನೆಯ ವಿಕ್ರಮಾದಿತ್ಯನ (1076–1126) ಲೋಕಾಧಿಪತ್ಯವನ್ನು ಕೊಂಡಾಡುವ ಸಂಸ್ಕೃತದ ಸಾಲುಗಳು. ನಾವು ಅವಳನ್ನು ‘ಶಾಸನಸುಂದರಿ’ ಎಂದು ಕರೆಯುತ್ತ ಬಂದಿದ್ದೇವೆ.

ಈ ಶಿಲ್ಪದ ಬಗೆಗೆ ಎರಡು ತೀರ್ಮಾನಗಳು ಸುಲಭವಾಗಿ ಒದಗಿಬಿಡುತ್ತವೆ. ಅಂದಿನ ಹೆಣ್ಣು ಅಕ್ಷರಸ್ಥೆ, ಆದ್ದರಿಂದ ಗಂಡಿಗೆ ಸಮಾನಳಾಗಿದ್ದಳು ಎಂಬುದು ಒಂದು. ಇವೆಲ್ಲ ಗಂಡಿನ ಕಣ್ಣಿಗೆ ಕಡೆದ ಗೊಂಬೆಗಳು ಎಂಬುದು ಇನ್ನೊಂದು. ಎರಡೂ ಅವಸರದ ಮಾತುಗಳೆಂದೇ ನನ್ನ ಭಾವನೆ.

ಬರೆಯುವ ಹೆಣ್ಣು ಭಾರತೀಯ ಶಿಲ್ಪಕ್ಕೆ ಅಪರಿಚಿತಳಲ್ಲ. ಖಜುರಾಹೊದಲ್ಲಿಯೂ ಅವಳಿದ್ದಾಳೆ, ಅವಳು ಬರೆಯುತ್ತಿರುವುದು ಪ್ರೇಮಪತ್ರವೆಂದು ವಿವರಿಸುವುದು ರೂಢಿ. ಜಲಸಂಗ್ವಿಯವಳ ಬರಹ ಮಾತ್ರ ರಾಜಕೀಯದ್ದು. ಲೇಖನಿ ಅವಳ ಕೈಯಲ್ಲಿದೆ, ಕೀರ್ತಿ ಅರಸನದು. ದೇವರ ಗೋಡೆ, ಹೆಣ್ಣಿನ ಚೆಲುವು ಎರಡನ್ನೂ ದೊರೆತನ ತನ್ನ ಪ್ರಚಾರಕ್ಕೆ ಬಳಸಿಕೊಂಡಿದೆ. ಆದರೂ ರಾಜನ ಹೆಸರನ್ನು ಬರೆಯುವ ಕೆಲಸವನ್ನು ಹೆಣ್ಣಿಗೆ ಒಪ್ಪಿಸಬಹುದೆಂದು ಶಿಲ್ಪಿಗೆ ತೋಚಿತಲ್ಲ, ಅದನ್ನೂ ಮರೆಯುವಂತಿಲ್ಲ.

ಹಾಗೆ ತೋಚಲು ಆಧಾರವಿಲ್ಲದೆ ಇರಲಿಲ್ಲ. ವಿಕ್ರಮಾದಿತ್ಯನ ಅಜ್ಜನ ಸೋದರಿ ಅಕ್ಕಾದೇವಿ ಕಿಸುಕಾಡು ನಾಡನ್ನು ಆಳಿದವಳು. 1047ರಲ್ಲಿ ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದವಳು. ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನ ‘ಮಿತಾಕ್ಷರ’ವು ಸ್ತ್ರೀಧನದ ಅರ್ಥವನ್ನು ವಿಸ್ತರಿಸಿ, ಹೆಣ್ಣಿಗೆ ದಾಯವಾಗಿ ಅಥವಾ ಕ್ರಯದಿಂದ ಬಂದ ಸ್ವತ್ತನ್ನೂ ಅದರಲ್ಲಿ ಸೇರಿಸಿತು. ಆದರೆ ಅಕ್ಕಾದೇವಿಯ ಅಧಿಕಾರ ಅರಮನೆಯ ಹುಟ್ಟಿನಿಂದ ಬಂದದ್ದು. ಸ್ತ್ರೀಧನದ ಪ್ರಶ್ನೆ ಸ್ವತ್ತುಳ್ಳವರದು. ಕೂಲಿಯ ಹೆಣ್ಣಿಗೆ ಇವುಗಳಿಂದ ದಕ್ಕಿದ್ದು ಅಲ್ಪ.

ಆ ಹೆಣ್ಣಿನ ದನಿ ಕೇಳಿಸಿದ್ದು ಹನ್ನೆರಡನೆಯ ಶತಮಾನದ ನಡುವಿನಲ್ಲಿ, ಪಕ್ಕದ ಕಲ್ಯಾಣದಲ್ಲಿ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದ ಆಯ್ದಕ್ಕಿ ಮಾರಯ್ಯನ ಪತ್ನಿ ಲಕ್ಕಮ್ಮ ವಚನ ರಚಿಸಿದಳು. ಸೂಳೆ ಸಂಕವ್ವೆ ‘ನಿರ್ಲಜ್ಜೇಶ್ವರ’ ಎಂಬ ಅಂಕಿತವನ್ನೇ ಇಟ್ಟುಕೊಂಡಳು. ಲಕ್ಕಮ್ಮನ ಅಂಕಿತದಲ್ಲಿ ಗಂಡನ ಹೆಸರಿದೆ ಎಂಬುದು ನಿಜ. ಆದರೆ ಅವಳ ಮಾತು ಗಂಡನ ಸ್ತುತಿಯಲ್ಲ. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದವನನ್ನು ತಿದ್ದುವ ಮಾತು. ಜಲಸಂಗ್ವಿಯ ಹೆಣ್ಣಿಗೆ ಇಲ್ಲದಿದ್ದುದು ಇದೇ: ಒಡೆಯನನ್ನು ಪ್ರಶ್ನಿಸುವ ಸ್ವಂತ ಮಾತು.

ಹಳೆಯ ಶಿಲ್ಪಗಳ ಮುಂದೆ ನಾವು ಕೇಳಬೇಕಾದ ಪ್ರಶ್ನೆ ಹೆಣ್ಣು ಅಲ್ಲಿದ್ದಾಳೆಯೇ ಎಂಬುದಲ್ಲ. ಯಾರ ಪರವಾಗಿ ಇದ್ದಾಳೆ ಎಂಬುದು. ಈ ಪ್ರಶ್ನೆ ನಮಗೂ ಅನ್ವಯಿಸುತ್ತದೆ. ‘ಸುಂದರಿ’ ಎಂಬುದು ಚಾಲುಕ್ಯರ ಅರಸನೋ ಶಿಲ್ಪಿಯೋ ಕೊಟ್ಟ ಹೆಸರಲ್ಲ, ಈಚಿನವರು ಇಟ್ಟದ್ದು. ಶಿಲ್ಪಿ ಅವಳಿಗೆ ಚೆಲುವಿನ ಜೊತೆಗೆ ಅಕ್ಷರವನ್ನೂ ಕೊಟ್ಟಿದ್ದ. ನಾವು ಚೆಲುವನ್ನಷ್ಟೇ ಹೆಸರಿನಲ್ಲಿ ಉಳಿಸಿಕೊಂಡೆವು. ಅವಳನ್ನು ‘ಲಿಪಿಕಾರ್ತಿ’ ಎಂದು ಕರೆಯಲು ನಮಗಿರುವ ಅಡ್ಡಿಯಾದರೂ ಏನು?