ಎರಡನೆಯ ಪಾಳಿಯಲ್ಲಿ ಬಳಲಿದ ಮನಸ್ಸು

ಸಹನೆಯೇ ಸ್ತ್ರೀಗೆ ಭೂಷಣವೆಂದು ನಮ್ಮ ಸಮಾಜವು ಬಹುಕಾಲದಿಂದ ಹೇಳುತ್ತ ಬಂದಿದೆ. ಆ ಭೂಷಣದ ಭಾರವೆಷ್ಟೆಂದು ತೂಗಿ ನೋಡಿದವರು ಮಾತ್ರ ವಿರಳ. ಊರು ಬಿಟ್ಟು ಮುಂಬಯಿಯಂತಹ ಮಹಾನಗರಗಳಲ್ಲಿ ನೆಲೆಸಿ, ಕಚೇರಿಯಲ್ಲೋ ಶಾಲೆಯಲ್ಲೋ ಆಸ್ಪತ್ರೆಯಲ್ಲೋ ದುಡಿಯುತ್ತ ಮಕ್ಕಳನ್ನು ಸಾಕುತ್ತಿರುವ ನಮ್ಮ ಸೋದರಿಯರ ಮಟ್ಟಿಗಾದರೂ ಈ ವಿಚಾರಣೆ ಅಗತ್ಯವಾಗಿದೆ.

ಅವರ ದಿನಚರಿಯನ್ನು ವಾಚಕರು ಬಲ್ಲರು. ಸೂರ್ಯೋದಯಕ್ಕೆ ಮುನ್ನವೇ ಒಲೆ ಹೊತ್ತಿಸಿ, ಡಬ್ಬಿ ಕಟ್ಟಿ, ಮಗುವನ್ನು ಶಾಲೆಗೆ ಸಿದ್ಧಗೊಳಿಸಿ ಡೊಂಬಿವಲಿಯಿಂದಲೋ ವಿರಾರದಿಂದಲೋ ಲೋಕಲ್ ಗಾಡಿಯನ್ನು ಹಿಡಿಯಬೇಕು. ಸಂಜೆಯ ಮಹಿಳಾ ಡಬ್ಬಿಯಲ್ಲಿ ಸೊಪ್ಪು ಬಿಡಿಸುತ್ತ, ಬಟಾಣಿ ಸುಲಿಯುತ್ತ ಮರಳುವವರಿಗೆ ಪ್ರಯಾಣದ ಹೊತ್ತೂ ವಿಶ್ರಾಂತಿಯಲ್ಲ. ಮನೆ ಸೇರಿದೊಡನೆ ಮತ್ತೊಂದು ದುಡಿಮೆ ಕಾದಿರುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹೋಕ್‌ಶೀಲ್ಡ್ ೧೯೮೯ರ ತಮ್ಮ ಗ್ರಂಥದಲ್ಲಿ ಇದನ್ನೇ ‘ಎರಡನೆಯ ಪಾಳಿ’ ಎಂದು ಕರೆದರು. ನಮ್ಮ ದೇಶದ ಲೆಕ್ಕವೂ ಇದೆ. ಕೇಂದ್ರ ಸರಕಾರದ ೨೦೨೪ರ ಸಮಯ ಬಳಕೆ ಸಮೀಕ್ಷೆಯಂತೆ, ಮನೆಗೆಲಸದಲ್ಲಿ ತೊಡಗಿದ ಮಹಿಳೆ ದಿನಕ್ಕೆ ಸರಾಸರಿ ೨೮೯ ನಿಮಿಷಗಳನ್ನು ಅದಕ್ಕಾಗಿ ವ್ಯಯಿಸುತ್ತಾಳೆ. ಪುರುಷನ ಪಾಲು ೮೮ ನಿಮಿಷ.

ಪರವೂರಿನ ಸಂಸಾರದಲ್ಲಿ ಇದಕ್ಕೆ ಇನ್ನೊಂದು ಕೊರತೆಯೂ ಸೇರುತ್ತದೆ. ತವರಿನಲ್ಲಿ ಬಾಣಂತನ ನಡೆಯುವಾಗ ಅಭ್ಯಂಜನ ಮಾಡಿಸಲು ಒಬ್ಬರು, ಕೂಸನ್ನು ಎತ್ತಿಕೊಳ್ಳಲು ಒಬ್ಬರು ಇರುತ್ತಾರೆ. ಆ ತಿಂಗಳುಗಳು ಕಳೆದು ನಗರದ ಎರಡು ಕೋಣೆಗಳ ಮನೆಗೆ ಮರಳಿದ ತಾಯಿಗೆ ಆ ಕೈಗಳಾವುವೂ ಇಲ್ಲ. ೨೦೧೭ರ ತಿದ್ದುಪಡಿಯಿಂದ ಹೆರಿಗೆ ರಜೆ ೨೬ ವಾರಗಳಿಗೆ ಏರಿತು. ಐವತ್ತು ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರವಿರಬೇಕೆಂದೂ ವಿಧಿಯಾಯಿತು. ರಜೆ ಮುಗಿದ ಮೇಲಿನ ಇರುಳುಗಳಿಗೆ ಮಾತ್ರ ಯಾವ ಕಾನೂನೂ ಇಲ್ಲ. ಕಾರಣವಿಲ್ಲದೆ ಬರುವ ಅಳು, ಮಗುವಿನ ಮೇಲೆ ಸಿಡುಕಿ ಅನಂತರ ಮರುಗುವುದು, ‘ನಾನು ಒಳ್ಳೆಯ ತಾಯಿಯಲ್ಲ’ ಎಂಬ ಕೊರಗು ಇವೆಲ್ಲ ಆಗ ತಲೆದೋರುತ್ತವೆ.

ಮನಸ್ಸಿನ ಚಿಕಿತ್ಸೆಯೆಂದರೆ ಬುದ್ಧಿಭ್ರಮಣೆಯಾದವರಿಗೆ ಮಾತ್ರವೆಂಬ ಭಾವನೆ ನಮ್ಮಲ್ಲಿ ಇನ್ನೂ ಅಳಿದಿಲ್ಲ. ವಾಸ್ತವದಲ್ಲಿ ಅದು ಬಹಳ ಸರಳವಾದ ಕ್ರಮ. ಸಲಹೆಗಾರರು ಮೊದಲು ಆಕೆಯ ಮಾತನ್ನು ತಡೆಯಿಲ್ಲದೆ ಕೇಳುತ್ತಾರೆ. ಬಳಿಕ ದಿನದ ಹೊರೆಯನ್ನು ಒಂದೊಂದಾಗಿ ಬರೆಸಿ, ಇದರಲ್ಲಿ ಆಕೆಯೇ ಮಾಡಬೇಕಾದುದೆಷ್ಟು, ಅನ್ಯರು ಮಾಡಬಹುದಾದುದೆಷ್ಟು, ಬಿಟ್ಟುಬಿಡಬಹುದಾದುದೆಷ್ಟು ಎಂದು ವಿಂಗಡಿಸುತ್ತಾರೆ. ತನ್ನನ್ನು ತಾನೇ ಹಳಿದುಕೊಳ್ಳುವ ಆಲೋಚನೆಗಳು ಎಷ್ಟರಮಟ್ಟಿಗೆ ನಿಜವೆಂದು ಪರಿಶೀಲಿಸಲು ಕಲಿಸುತ್ತಾರೆ. ಅಗತ್ಯವಾದರೆ ಪತಿಯನ್ನೂ ಅತ್ತೆಯನ್ನೂ ಕರೆದು ಕುಳ್ಳಿರಿಸುತ್ತಾರೆ.

ಇದರಿಂದ ಫಲವುಂಟೇ ಎಂಬ ಶಂಕೆಗೆ ನೆರೆದೇಶದಲ್ಲಿಯೇ ಉತ್ತರವಿದೆ. ಪಾಕಿಸ್ತಾನದ ರಾವಲ್ಪಿಂಡಿಯ ಗ್ರಾಮಾಂತರದಲ್ಲಿ ಡಾ. ಆತಿಫ್ ರಹಮಾನ್ ಮತ್ತು ಸಂಗಡಿಗರು ಖಿನ್ನತೆಗೊಳಗಾದ ಗರ್ಭಿಣಿಯರಲ್ಲಿ ನಡೆಸಿದ ಪ್ರಯೋಗದ ಫಲಿತಾಂಶ ೨೦೦೮ರಲ್ಲಿ ಪ್ರಕಟವಾಯಿತು. ಅಲ್ಲಿ ಮನೆಮನೆಗೆ ಹೋಗಿ ಮಾತನಾಡಿದವರು ಮನೋವೈದ್ಯರಲ್ಲ. ತರಬೇತಿ ಪಡೆದ ಊರಿನ ಆರೋಗ್ಯ ಕಾರ್ಯಕರ್ತೆಯರು. ಮಗುವಿಗೆ ಆರು ತಿಂಗಳಾದಾಗ, ಈ ನೆರವು ಪಡೆದವರಲ್ಲಿ ನೂರಕ್ಕೆ ೨೩ ಮಂದಿಯಲ್ಲಿ ಖಿನ್ನತೆ ಉಳಿದಿದ್ದರೆ, ಪಡೆಯದವರಲ್ಲಿ ಅದು ೫೩ ಮಂದಿಯಲ್ಲಿತ್ತು. ಈ ವಿಧಾನವನ್ನು ವಿಶ್ವ ಆರೋಗ್ಯ ಸಂಸ್ಥೆಯು ೨೦೧೫ರಲ್ಲಿ ಕೈಪಿಡಿಯಾಗಿ ಹೊರತಂದಿತು. ಗೋವೆಯಲ್ಲಿಯೂ ಇದರ ಪ್ರಯೋಗ ನಡೆದಿದೆ.

ಇಲ್ಲೊಂದು ಎಚ್ಚರ ಬೇಕು. ಇನ್ನಷ್ಟು ಸಹಿಸಿಕೊಳ್ಳಲು ಕಲಿಸುವುದೇ ಚಿಕಿತ್ಸೆಯಾದರೆ ಅದು ಹಳೆಯ ಉಪದೇಶದ ಹೊಸ ವೇಷವಷ್ಟೆ. ಹೊರೆಯನ್ನು ಇಳಿಸುವ ದಾರಿ ತೋರಿದಾಗಲೇ ಅದು ಸಾರ್ಥಕ. ಬೇಸರವು ಎರಡು ವಾರಗಳಾದರೂ ಕದಲದೆ ಇದ್ದರೆ ವೈದ್ಯರನ್ನು ಕಾಣಬೇಕು. ಜೀವವೇ ಬೇಡವೆಂಬ ಯೋಚನೆ ಬಂದರಂತೂ ಕ್ಷಣಮಾತ್ರವೂ ತಡಮಾಡಲಾಗದು; ಕೆಲವರಿಗೆ ಮಾತಿನೊಂದಿಗೆ ಔಷಧವೂ ಅಗತ್ಯ.

ಮನಸ್ಸಿನ ನೋವು ತಾಯ್ನುಡಿಯಲ್ಲಿಯೇ ನಿಜವಾಗಿ ಹೊರಬೀಳುತ್ತದೆ. ‘ಎದೆ ಭಾರ’, ‘ಜೀವ ಸಾಕಾಗಿದೆ’ ಎಂಬ ಮಾತುಗಳನ್ನು ಪರಭಾಷೆಯಲ್ಲಿ ಹೇಳಹೊರಟಾಗ ಅವು ಅರ್ಧ ನಾಲಿಗೆಯಲ್ಲಿಯೇ ಉಳಿಯುತ್ತವೆ. ೨೦೨೨ರ ಅಕ್ಟೋಬರ್ ೧೦ರಂದು ಆರಂಭವಾದ, ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರವಾಗಿರುವ ‘ಟೆಲಿ ಮಾನಸ್’ ದೂರವಾಣಿ ಸೇವೆಯು ಕನ್ನಡವೂ ಸೇರಿದಂತೆ ೨೦ ಭಾಷೆಗಳಲ್ಲಿ ಹಗಲಿರುಳೂ ಉಚಿತವಾಗಿ ದೊರೆಯುತ್ತದೆ. ಸಂಖ್ಯೆ ೧೪೪೧೬.

ರಾಜ್ಯೋತ್ಸವವನ್ನೂ ಅರಿಸಿನ ಕುಂಕುಮವನ್ನೂ ಆದರದಿಂದ ನಡೆಸುವ ನಮ್ಮ ಸಂಘಗಳು ತಿಂಗಳಿಗೊಂದು ಮಧ್ಯಾಹ್ನ ತಮ್ಮ ಸಭಾಗೃಹವನ್ನು ಈ ತಾಯಂದಿರಿಗೆ ಬಿಟ್ಟುಕೊಡಬಾರದೇಕೆ? ಕನ್ನಡ ಬಲ್ಲ ಒಬ್ಬ ಸಲಹೆಗಾರ್ತಿ, ಮಕ್ಕಳನ್ನು ನೋಡಿಕೊಳ್ಳಲು ಇಬ್ಬರು ಹಿರಿಯರು, ಒಂದಿಷ್ಟು ಚಹಾ ಇದ್ದರೆ ಸಾಕು. ಆ ಮಧ್ಯಾಹ್ನ ಮನೆಯಲ್ಲಿ ಅಡಿಗೆ ಯಾರದೆಂಬ ಪ್ರಶ್ನೆಗೆ ಗಂಡಸರು ಉತ್ತರ ಹೇಳಲಿ.